ಬಸ್ಸಿನ ಬೋರ್ಡಿನ ಮೇಲಿದ್ದ ಹೆಸರು ಹಾಡಾಯಿತಂತೆ: ಲಿವರ್‌ಪೂಲಿನ ಹಾಡುಗಳ ಬಗ್ಗೆ ಗೊತ್ತಿದ್ದವರು ಹೇಳಿ

ಹಾಸನ ಡಿಪೋ

ಎಲ್ಲರಿಗೂ ನಮಸ್ಕಾರ. ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ, ಈಗ ರಿಟೈರ್ಡ್. ಮಗಳು ಅಳಿಯ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವರೂ ಅಕ್ಟೋಬರ್ ಕೊನೆಗೆ ಹೊರಟಿದ್ದೇವೆ. ಮೂರು ತಿಂಗಳು ಅಲ್ಲೇ.

ಅಳಿಯನಿಗೆ ಹಾಡಿನ ಹುಚ್ಚು. "ಬರೋ ಮುಂಚೆ ಈ ಊರಿನ ಹಾಡು ಕೇಳ್ಕೊಂಡು ಬನ್ನಿ ಮಾವ" ಅಂತ ಫೋನಿಗೆ ಎರಡು ಹಾಡು ಕಳಿಸಿದ್ದಾರೆ. ಎರಡೂ ಆ ಊರಿನ ನಾಲ್ಕು ಹುಡುಗರ ಬ್ಯಾಂಡ್ ಬೀಟಲ್ಸ್ ಅವರದು. ಒಂದು ಪೆನ್ನಿ ಲೇನ್, ಇನ್ನೊಂದು ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಾಹಿತ್ಯ ಕಣ್ಣೆದುರು ಇಟ್ಟುಕೊಂಡು ಪೆನ್ನಿ ಲೇನ್ ನಾಲ್ಕು ಸಲ ಕೇಳಿದ ಮೇಲೆ ಒಂದು ವಿಷಯ ಹೊಳೀತು. ಈ ಹಾಡು ಬರೆದವನು ಬಸ್ಸಿಗೆ ಕಾಯ್ತಾ ನಿಂತವನು! ಕ್ಷೌರದ ಅಂಗಡಿ, ಬ್ಯಾಂಕಿನವನು, ಫೈರ್ ಇಂಜಿನ್ನಿನವನು, ರಸ್ತೆ ಮಧ್ಯದ ಶೆಲ್ಟರ್, ಮಳೆ. ನಿಂತ ಜಾಗದಿಂದ ಕುತ್ತಿಗೆ ತಿರುಗಿಸಿದರೆ ಕಾಣುವಷ್ಟೇ ಹಾಡಿನಲ್ಲಿದೆ. ಚನ್ನರಾಯಪಟ್ಟಣ ಸ್ಟ್ಯಾಂಡಿನಲ್ಲಿ ಟೈಮಿಗೆ ಕಾಯುವಾಗ ನಾನು ದಿನಾ ನೋಡ್ತಿದ್ದದ್ದೂ ಅಷ್ಟೇ: ಎದುರಿಗೆ ಸಲೂನ್, ಪಕ್ಕದಲ್ಲಿ ಹೂವಿನವಳು, ಬೀಗ ತೆಗೆಯೋದನ್ನೇ ಕಾಯ್ತಾ ಬ್ಯಾಂಕ್ ಮುಂದೆ ನಿಂತ ಜನ. ಇಪ್ಪತ್ತು ವರ್ಷದ ಹಿಂದಿನ ಆ ಸ್ಟ್ಯಾಂಡು ಹಾಡು ಕೇಳ್ತಾ ಕೇಳ್ತಾ ಕಣ್ಣಮುಂದೆ ಬಂತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪೆನ್ನಿ ಲೇನ್ ಅನ್ನೋದು ಆಗಿನ ಬಸ್ಸುಗಳ ಬೋರ್ಡಿನ ಮೇಲೇ ಇರುತ್ತಿತ್ತು ಅಂತ ಅಳಿಯ ಹೇಳ್ತಾರೆ. ನಿಜವಾ? ಸ್ಟ್ರಾಬೆರಿ ಫೀಲ್ಡ್ ಅಂದರೆ ಸ್ಟ್ರಾಬೆರಿ ಬೆಳೆಯೋ ತೋಟವಾ? ಈ ನಾಲ್ಕು ಹುಡುಗರನ್ನು ಬಿಟ್ಟರೆ ಆ ಊರಿನ ಮೇಲೆ ಬೇರೆ ಯಾರು ಹಾಡು ಕಟ್ಟಿದ್ದಾರೆ? ಊರಿನ ಕೀರ್ತಿ ಕೊಂಡಾಡೋ ಹಾಡು ಬೇಡ. ಕೇಳ್ತಾ ಕೂತರೆ ಆ ರಸ್ತೆ ಕಣ್ಣಿಗೆ ಬರಬೇಕು, ಅಂಥದ್ದು ಹೇಳಿ.

ಉಣಕಲ್ ಕೆರೆ

ಕಾಕಾ, ನಮಸ್ಕಾರ. ಹುಬ್ಬಳ್ಳಿಯವಳು ನಾನು. ಹತ್ತೊಂಬತ್ತು ವರ್ಷದಿಂದ ಲಿವರ್‌ಪೂಲಿನಲ್ಲಿದ್ದೇನೆ, ಫಿಸಿಯೋಥೆರಪಿಸ್ಟ್. ಮನೆಯಿಂದ ಪೆನ್ನಿ ಲೇನಿಗೆ ನಡೆದುಕೊಂಡು ಹೋಗುವಷ್ಟು ಹತ್ತಿರ. ಆ ಹಾಡು ಬಸ್ಸಿಗೆ ಕಾಯುವವನ ಹಾಡು ಅಂತ ನೀವು ನಾಲ್ಕು ಸಲ ಕೇಳಿ ಕಂಡುಕೊಂಡಿರಿ. ನನಗೆ ಅದು ತಿಳಿಯಲಿಕ್ಕೆ ಇಲ್ಲೇ ಬಂದು ಆ ಸ್ಟಾಪಿನಲ್ಲಿ ಮಳೆಯಲ್ಲಿ ನಿಲ್ಲಬೇಕಾಯಿತು.

ನಿಮ್ಮ ಅಳಿಯ ಹೇಳಿದ್ದು ಖರೆ. ಪೆನ್ನಿ ಲೇನ್ ಒಂದು ಓಣಿಯ ಹೆಸರೂ ಹೌದು, ಆ ಓಣಿ ಬಂದು ಸೇರುವ ವೃತ್ತದ ಸುತ್ತಲಿನ ಜಾಗದ ಹೆಸರೂ ಹೌದು. ಮೊದಲು ಟ್ರಾಮು, ಆಮೇಲೆ ಬಸ್ಸು ಅಲ್ಲಿಗೆ ಬಂದು ತಿರುಗುತ್ತಿದ್ದವು. ಲಿವರ್‌ಪೂಲಿನ ಕೊನೆಯ ಟ್ರಾಮ್ ಓಡಿದ್ದು 1957ರ ಸೆಪ್ಟೆಂಬರಿನಲ್ಲಿ. ಆಗ ಸ್ಟ್ರಾಬೆರಿ ಫೀಲ್ಡ್ಸ್ ಬರೆದ ಬೀಟಲ್ಸ್‌ನ ಜಾನ್ ಲೆನನ್‌ಗೆ ಹದಿನಾರು ವರ್ಷ, ಪೆನ್ನಿ ಲೇನ್ ಬರೆದ ಪಾಲ್ ಮೆಕಾರ್ಟ್ನಿಗೆ ಹದಿನೈದು. ಊರೊಳಗೆ ಹೋಗಬೇಕಾದರೆ ಇಬ್ಬರೂ ಪೆನ್ನಿ ಲೇನಿನಲ್ಲಿ ಕೂಡಿ ಬಸ್ಸು ಹಿಡಿಯುತ್ತಿದ್ದರು. ಒಬ್ಬರಿಗೊಬ್ಬರು ಕಾಯುತ್ತ ನಿಲ್ಲುತ್ತಿದ್ದದ್ದೂ ಅಲ್ಲೇ.

ಅಲ್ಲಿ ಕ್ಷೌರದಂಗಡಿ ಇವತ್ತಿಗೂ ಇದೆ, ಮಾಲೀಕರು ಮಾತ್ರ ಬೇರೆ. ವೃತ್ತದ ನಡುವಿನ ಶೆಲ್ಟರ್ ಕಟ್ಟಡವೂ ನಿಂತಿದೆ. ಪಾಲ್ ಹುಡುಗನಾಗಿದ್ದಾಗ ಪ್ರಾರ್ಥನೆಯ ಗಾಯಕರ ಗುಂಪಿನಲ್ಲಿ ಹಾಡುತ್ತಿದ್ದ ಸೇಂಟ್ ಬಾರ್ನಬಸ್ ಚರ್ಚ್ ಎದುರಿಗೇ ಕಾಣುತ್ತದೆ. ಫೈರ್ ಸ್ಟೇಷನ್ ಮಾತ್ರ ಅಲ್ಲಿಲ್ಲ, ಸ್ವಲ್ಪ ದೂರದ ಮ್ಯಾದರ್ ಅವೆನ್ಯೂದಲ್ಲಿದೆ. ಪಾಲ್ ಅದನ್ನು ಹಾಡಿಗಾಗಿ ವೃತ್ತದ ಹತ್ತಿರಕ್ಕೆ ಎಳೆದುಕೊಂಡ. ನೆನಪಿನಲ್ಲಿ ಊರು ಹಾಗೇ ಅಲ್ಲವೇ ಕಾಕಾ, ಬೇಕಾದದ್ದೆಲ್ಲ ಒಂದೇ ಕಡೆ ಬಂದು ಕೂಡುತ್ತದೆ.

ನೀವು ಅಕ್ಟೋಬರ್ ಕೊನೆಗೆ ಬರುತ್ತೀರಂದರೆ ಇನ್ನೊಂದು ನೋಡಲಿಕ್ಕೆ ಸಿಗುತ್ತದೆ. ಹಾಡಿನಲ್ಲಿ ಒಬ್ಬ ನರ್ಸ್ ತಟ್ಟೆಯಲ್ಲಿ ಪಾಪಿ (poppy) ಹೂವು ಮಾರುತ್ತಾಳಲ್ಲ, ಅದು ನಿಜವಾದ ಹೂವಲ್ಲ. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ನವೆಂಬರ್ 11ರ ಸುಮಾರಿಗೆ ಇಲ್ಲಿ ಎಲ್ಲರೂ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಕಾಗದದ ಹೂವು. ಅದೇ ಹಾಡಿನಲ್ಲಿ ನೀಲಿ ಆಕಾಶ ಇದೆ, ಬೇಸಿಗೆ ಇದೆ, ಜೋರು ಮಳೆಯೂ ಇದೆ. ಒಂದು ದಿನ ಕಂಡದ್ದನ್ನು ಬರೆದದ್ದಲ್ಲ, ವರ್ಷಗಟ್ಟಲೆ ಅದೇ ಸ್ಟಾಪಿನಲ್ಲಿ ನಿಂತವನ ಲೆಕ್ಕ ಅದು.

ಇನ್ನು ಸ್ಟ್ರಾಬೆರಿ ಫೀಲ್ಡ್. ತೋಟ ಅಲ್ಲ ಕಾಕಾ, ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯವರು ನಡೆಸುತ್ತಿದ್ದ ಮಕ್ಕಳ ಆಶ್ರಮ, ವುಲ್ಟನ್ ಅನ್ನುವ ಭಾಗದಲ್ಲಿ. ಜಾನ್‌ನನ್ನು ಸಾಕಿದವಳು ಅವನ ದೊಡ್ಡಮ್ಮ ಮಿಮಿ. ಮೆನ್‌ಲವ್ ಅವೆನ್ಯೂದ 251ನೇ ನಂಬರಿನ ಅವಳ ಮನೆಯಿಂದ ಆಶ್ರಮ ಹತ್ತಿರ. ಬೇಸಿಗೆಗೊಮ್ಮೆ ಅಲ್ಲಿ ಜಾತ್ರೆಯಂಥದ್ದು ನಡೆಯುತ್ತಿತ್ತು, ಬ್ಯಾಂಡ್ ಬಾರಿಸುತ್ತಿದ್ದರು. ಮಿಮಿ ಅವನನ್ನು ಕರೆದುಕೊಂಡು ಹೋಗುತ್ತಿದ್ದಳು. ಉಳಿದ ದಿನ ಅವನು ಗೋಡೆ ಹತ್ತಿ ಒಳಗೆ ಹೋಗಿ ಆಡುತ್ತಿದ್ದ. ತಾಯಿ ಇದ್ದೂ ಬೇರೆಯವರ ಮನೆಯಲ್ಲಿ ಬೆಳೆದ ಹುಡುಗನಿಗೆ ಆ ತೋಪಿನಲ್ಲಿ ಏನು ಸಿಕ್ಕಿತೋ. 1958ರ ಜುಲೈಯಲ್ಲಿ ಅವನ ತಾಯಿ ಜೂಲಿಯಾ ಮಿಮಿಯ ಮನೆಯಿಂದ ಹೊರಟು ಬಸ್ ಸ್ಟಾಪಿಗೆಂದು ಆ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡಳು. ಅಲ್ಲಿ ಓಡಾಡುವಾಗ ಪ್ರತಿ ಸಲ ನನಗೆ ಇದು ನೆನಪಾಗುತ್ತದೆ.

ಆಶ್ರಮ 2005ರಲ್ಲಿ ಮುಚ್ಚಿತು. ಆ ಜಾಗ 2019ರಿಂದ ಜನರಿಗೆ ತೆರೆದಿದೆ. ಕಲಿಕೆಯ ತೊಂದರೆ ಇರುವ ಯುವಕ ಯುವತಿಯರಿಗೆ ಅಲ್ಲೇ ಕೆಲಸದ ತರಬೇತಿ ಕೊಡುತ್ತಾರೆ. ನನ್ನ ಒಬ್ಬ ಪೇಷಂಟಿನ ಮಗ ಅಲ್ಲಿ ಕಲಿತ. ಕೆಂಪು ಗೇಟಿನ ಫೋಟೋ ತೆಗೆದುಕೊಂಡು ಹಾಗೇ ಹೋಗಿಬಿಡುತ್ತಾರೆ ಜನ. ನೀವು ಒಳಗೆ ಹೋಗ್ರಿ.

ನನಗೆ ಭಾಳ ಮುಖ್ಯ ಅನಿಸುವ ಮಾತು ಬೇರೆ. ಈ ಎರಡೂ ಹಾಡು ಹುಟ್ಟಿದ್ದು ಲಿವರ್‌ಪೂಲಿನಲ್ಲಿ ಅಲ್ಲ. 1966ರ ಆಗಸ್ಟಿನಲ್ಲಿ ಬೀಟಲ್ಸ್ ಊರೂರು ಸುತ್ತಿ ಕಚೇರಿ ಕೊಡುವುದನ್ನೇ ನಿಲ್ಲಿಸಿದರು. ಜಾನ್ ಒಂದು ಸಿನಿಮಾದಲ್ಲಿ ಪಾತ್ರ ಮಾಡಲು ಸ್ಪೇನಿನ ಅಲ್ಮೇರಿಯಾಕ್ಕೆ ಹೋದ. ಅಲ್ಲಿಯ ಬಿಸಿಲಿನಲ್ಲಿ ಕೂತು ಈ ಆಶ್ರಮದ ಹಾಡು ಬರೆದ. ಅದನ್ನು ಕೇಳಿದ ಮೇಲೆ ಪಾಲ್ ಲಂಡನ್ನಿನಲ್ಲಿ ತನ್ನ ಪೆನ್ನಿ ಲೇನ್ ಬರೆದ. ಊರಿನಲ್ಲಿ ಇದ್ದಷ್ಟು ದಿನ ಊರಿನ ಮೇಲೆ ಹಾಡು ಬರಲಿಲ್ಲ ನೋಡ್ರಿ. ನಾನೂ ಹುಬ್ಬಳ್ಳಿಯಲ್ಲಿದ್ದಾಗ ಉಣಕಲ್ ಕೆರೆ ದಂಡೆಗೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಈಗ ಇಲ್ಲಿ ಅದೇ ನನ್ನ ಹೆಸರಾಗಿದೆ.

ಕೊನೆಗೆ ನಿಮಗೆಂದೇ ಒಂದು ಸುದ್ದಿ ಇಟ್ಟುಕೊಂಡಿದ್ದೇನೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಇದ್ದನಲ್ಲ, ಅವನ ತಂದೆ ಲಿವರ್‌ಪೂಲಿನಲ್ಲಿ ಬಸ್ ಕಂಡಕ್ಟರ್. ಮೊದಲು ಹಡಗಿನಲ್ಲಿ ಕೆಲಸಕ್ಕಿದ್ದವರು, ಆಮೇಲೆ ಕಂಡಕ್ಟರ್ ಆದರು, ಮುಂದೆ ಡ್ರೈವರ್. ಪಾಲ್‌ಗೂ ಜಾರ್ಜ್‌ಗೂ ಗೆಳೆತನ ಆದದ್ದು ಶಾಲೆಯ ಬಸ್ಸಿನಲ್ಲಿ. ಜಾನ್ ಎದುರು ಗಿಟಾರ್ ನುಡಿಸಿ ತೋರಿಸಿ ಜಾರ್ಜ್ ಬ್ಯಾಂಡಿಗೆ ಸೇರಿದ್ದೂ ಒಂದು ಬಸ್ಸಿನ ಮಹಡಿಯ ಮೇಲೆ.

ಹಾಸನ ಡಿಪೋ

ತಾಯಿ, ಕಂಡಕ್ಟರ್ ಮಗನಾ! ಇದನ್ನು ಓದಿ ನಮ್ಮ ಮನೆಯವರನ್ನು ಅಡುಗೆಮನೆಯಿಂದ ಕರೆದು ಹೇಳಿದೆ. ನಮ್ಮ ಡಿಪೋದ ಹಳಬರ ವಾಟ್ಸಾಪ್ ಗುಂಪಿಗೂ ಹಾಕಿದೆ. ನೈಟ್ ಹಾಲ್ಟಿನಿಂದ ಬೆಳಗ್ಗೆ ಬಂದು ಮಲಗಿದರೆ ಮಕ್ಕಳು ಸದ್ದು ಮಾಡದೆ ಓಡಾಡ್ತಿದ್ದರು. ಆ ಮನೆಯಲ್ಲಿ ಹುಡುಗ ಗಿಟಾರ್ ಹೇಗೆ ಕಲಿತನೋ ಅಂತ ಯೋಚನೆ ಬಂತು.

ಬಸ್ಸಿನ ಹಾಡು ಇನ್ನೂ ಇದ್ದರೆ ಹೇಳಿ.

ಆರ್ಕೆಸ್ಟ್ರಾ ಗಿಟಾರ್

ಸರ್, ಮೈಸೂರಿನಿಂದ. ಇಪ್ಪತ್ತೆರಡು ವರ್ಷದಿಂದ ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ ಎಲ್ಲ ಕಡೆ ಗಿಟಾರ್ ನುಡಿಸುತ್ತಿದ್ದೇನೆ. ಸಾಹಿತ್ಯದ ಬಗ್ಗೆ ಮೇಡಂ ಹೇಳಿದ್ದಾರೆ. ಕಿವಿಗೆ ಏನು ಹಿಡಿಯಬೇಕು ಅಂತ ನಾನು ಹೇಳುತ್ತೇನೆ. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಕೇಳಿ.

ಪೆನ್ನಿ ಲೇನಿನ ಮಧ್ಯದಲ್ಲಿ ಮೇಲುಸ್ಥಾಯಿಯಲ್ಲಿ ಹಕ್ಕಿ ಕೂಗಿದ ಹಾಗೆ ಒಂದು ತುತ್ತೂರಿ ಬರುತ್ತದೆ. ಅದು ಪಿಕೊಲೊ ಟ್ರಂಪೆಟ್, ಸಾಮಾನ್ಯ ಟ್ರಂಪೆಟ್ಟಿಗಿಂತ ಚಿಕ್ಕದು, ಶ್ರುತಿ ಒಂದು ಸ್ಥಾಯಿ ಮೇಲೆ. 1967ರ ಜನವರಿಯಲ್ಲಿ ಪಾಲ್ ಟಿವಿಯಲ್ಲಿ ಹಳೆಯ ಕಾಲದ ಜರ್ಮನ್ ಸಂಗೀತಗಾರ ಬಾಖ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊ ಅನ್ನುವ ವಾದ್ಯಕೃತಿ ನೋಡಿದರು. ಅದರಲ್ಲಿ ಡೇವಿಡ್ ಮೇಸನ್ ಅನ್ನುವವರು ಇದನ್ನು ನುಡಿಸುತ್ತಿದ್ದರು. ಅವರನ್ನೇ ಸ್ಟುಡಿಯೋಗೆ ಕರೆಸಿದರು. ಪಾಲ್ ಬಾಯಲ್ಲಿ ಹಾಡಿ ತೋರಿಸುತ್ತಿದ್ದರು, ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ನೊಟೇಶನ್ನಿಗೆ ಇಳಿಸುತ್ತಿದ್ದರು. ಕ್ಷೌರದ ಅಂಗಡಿ, ಬಸ್ ಸ್ಟಾಪಿನ ಹಾಡಿಗೆ ಅರಮನೆಯ ವಾದ್ಯ. ಆ ಬೀದಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದಾರಲ್ಲ, ಅದು ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಸ್ಟ್ರಾಬೆರಿ ಫೀಲ್ಡ್ಸ್‌ದು ಇನ್ನೂ ದೊಡ್ಡ ಕಥೆ. ಒಮ್ಮೆ ನುಡಿಸಿ ರೆಕಾರ್ಡ್ ಮಾಡಿದ್ದಕ್ಕೆ ಒಂದು ಟೇಕ್ ಅನ್ನುತ್ತೇವೆ. ಜಾನ್‌ಗೆ ಒಂದು ಟೇಕಿನ ಮೊದಲ ಭಾಗ ಇಷ್ಟ, ಇನ್ನೊಂದು ಟೇಕಿನ ಉಳಿದ ಭಾಗ ಇಷ್ಟ. ಎರಡಕ್ಕೂ ಶ್ರುತಿ ಬೇರೆ, ಲಯವೂ ಬೇರೆ. ಎರಡನ್ನೂ ಸೇರಿಸಿಕೊಡಿ ಅಂದರು. ಕಂಪ್ಯೂಟರ್ ಇಲ್ಲದ ಕಾಲ. ಮಾರ್ಟಿನ್ ಮತ್ತು ಸೌಂಡ್ ಎಂಜಿನಿಯರ್ ಜೆಫ್ ಎಮರಿಕ್ ಒಂದು ಟೇಪಿನ ವೇಗ ಸ್ವಲ್ಪ ಏರಿಸಿ, ಇನ್ನೊಂದರದ್ದು ಇಳಿಸಿ, ಶ್ರುತಿ ಕೂಡಿದ ಜಾಗದಲ್ಲಿ ಟೇಪ್ ಕತ್ತರಿಸಿ ಅಂಟಿಸಿದರು. ಸರಿಯಾಗಿ ಒಂದು ನಿಮಿಷದ ಹತ್ತಿರ ಆ ಬೆಸುಗೆ ಇದೆ. ಅಲ್ಲಿಂದ ಮುಂದೆ ಜಾನ್ ಧ್ವನಿ ತೂಕ ಬಂದ ಹಾಗೆ, ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಶುರುವಿನ ಕೊಳಲಿನಂಥ ನಾದ ಕೊಳಲಲ್ಲ, ಮೆಲೊಟ್ರಾನ್ ಅನ್ನುವ ಕೀಬೋರ್ಡು. ಒಂದೊಂದು ಮನೆ ಒತ್ತಿದರೆ ಒಳಗೆ ಒಂದೊಂದು ಟೇಪ್ ಓಡುತ್ತದೆ.

ಇನ್ನೊಂದು ಇದೆ ಸರ್, ಇದನ್ನು ಹಿಡಿದರೆ ನಿಮಗೆ ಖುಷಿಯಾಗುತ್ತದೆ. ಹಾಡಿನಲ್ಲಿ ಆಗಾಗ ಝಲ್ ಅಂತ ತಂತಿಗಳ ಮಳೆ ಸುರಿದ ಹಾಗೆ ಬರುತ್ತದೆ. ಅದು ನಮ್ಮ ಸ್ವರಮಂಡಲ! ಹಿಂದೂಸ್ತಾನಿ ಗಾಯಕರು ತೊಡೆಯ ಮೇಲಿಟ್ಟುಕೊಂಡು ಮೀಟುತ್ತಾರಲ್ಲ, ಅದೇ. ನುಡಿಸಿದ್ದು ಕಂಡಕ್ಟರ್ ಮಗ ಜಾರ್ಜ್. 1966ರಲ್ಲೇ ಅವರು ಭಾರತಕ್ಕೆ ಬಂದು ಪಂಡಿತ್ ರವಿಶಂಕರ್ ಹತ್ತಿರ ಸಿತಾರ್ ಕಲಿತು ಹೋಗಿದ್ದರು.

1967ರ ಫೆಬ್ರವರಿಯಲ್ಲಿ ಎರಡೂ ಒಂದೇ ರೆಕಾರ್ಡಿನ ಎರಡು ಬದಿಯಾಗಿ ಬಂದವು. ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇ ನಿಂತವು. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದವರು ಎಂಗಲ್‌ಬರ್ಟ್ ಹಂಪರ್‌ಡಿಂಕ್, ನಮ್ಮ ಮದರಾಸಿನಲ್ಲಿ ಹುಟ್ಟಿದವರು.

ಕೆಂಪು ಜರ್ಸಿ

ಬೆಂಗಳೂರಿನ ಹುಡುಗ ನಾನು, ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿ. ಒಂದು ಸಲವೂ ಆ ಊರಿಗೆ ಹೋಗಿಲ್ಲ. ಆದರೂ ಒಬ್ಬರ ಹೆಸರು ಬರದೆ ಈ ಚರ್ಚೆ ಮುಗಿಯಬಾರದು: ಜೆರ್ರಿ ಮಾರ್ಸ್‌ಡನ್. ಅವರ ಬ್ಯಾಂಡ್ ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್. ಬೀಟಲ್ಸ್ ಊರಿನವರೇ, ಅವರ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಇವರಿಗೂ ಮ್ಯಾನೇಜರ್. 1963ರಲ್ಲಿ ಇವರ ಮೊದಲ ಮೂರು ರೆಕಾರ್ಡೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದವು. ಮೂರನೆಯದೇ ಯು ವಿಲ್ ನೆವರ್ ವಾಕ್ ಅಲೋನ್. ಅದು ಇವರ ಸ್ವಂತದ್ದಲ್ಲ, 1945ರ ಒಂದು ಅಮೆರಿಕನ್ ನಾಟಕದ ಹಾಡು. ನಮ್ಮ ತಂಡದ ಆನ್‌ಫೀಲ್ಡ್ ಮೈದಾನದ ಜನ ಅದನ್ನು ತಮ್ಮದು ಮಾಡಿಕೊಂಡರು.

ಊರಿನ ಹಾಡು ಅಂದರೆ ಅವರೇ ಬರೆದ ಫೆರ್ರಿ ಕ್ರಾಸ್ ದ ಮರ್ಸಿ. 1964ರ ಕೊನೆಯಲ್ಲಿ ಬಂತು. ಮರ್ಸಿ ನದಿ ದಾಟುವ ಲಾಂಚಿನ ಹಾಡು. ಅವಸರವೇ ಇಲ್ಲ ಅದಕ್ಕೆ. ಈ ಊರು ನನ್ನದು, ಇಲ್ಲೇ ಇರ್ತೀನಿ ಅನ್ನುತ್ತೆ, ಅಷ್ಟೇ.

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ನಮ್ಮ ತಂಡದ 97 ಅಭಿಮಾನಿಗಳು ಜೀವ ಕಳೆದುಕೊಂಡರು. ಪಂದ್ಯ ನೋಡಲು ಹೋದ ಮಕ್ಕಳು, ಅಪ್ಪಂದಿರು. ಆಮೇಲೆ ಜೆರ್ರಿ, ಪಾಲ್ ಮೆಕಾರ್ಟ್ನಿ, ಗಾಯಕ ಹಾಲಿ (Holly) ಜಾನ್ಸನ್, ದ ಕ್ರಿಶ್ಚಿಯನ್ಸ್ ಬ್ಯಾಂಡ್ ಸೇರಿ ಅದೇ ಲಾಂಚಿನ ಹಾಡನ್ನು ಮತ್ತೆ ಹಾಡಿದರು, ಆ ಕುಟುಂಬಗಳಿಗೆ ಹಣ ಕೂಡಿಸಲು. ಮೂರು ವಾರ ಮೊದಲ ಸ್ಥಾನದಲ್ಲಿತ್ತು. 1964ರದ್ದನ್ನೂ 1989ರದ್ದನ್ನೂ ಒಂದಾದ ಮೇಲೊಂದು ಕೇಳಿ ಅಂಕಲ್. ಒಂದು ಪದ ಬದಲಾಗದೆ ಅದೇ ಸಾಲಿನ ಅರ್ಥ ಬದಲಾಗಿರುತ್ತೆ. ಜೆರ್ರಿ 2021ರ ಜನವರಿ 3ರಂದು ಹೋದರು. ಆವತ್ತು ನಾನು ಅತ್ತಿದ್ದೇನೆ.

ರೆಡಿಂಗ್ ಕನ್ನಡಿಗ

ಒಂದು ಸಣ್ಣ ಸೇರ್ಪಡೆ. ಲಂಡನ್ನಿನ ಬಗ್ಗೆ ಬಂದ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯದು ದ ಕಿಂಕ್ಸ್ ಬ್ಯಾಂಡಿನ ವಾಟರ್‌ಲೂ ಸನ್‌ಸೆಟ್, 1967ರದ್ದು. ಬರೆದ ರೇ ಡೇವಿಸ್ ಮೊದಲು ಅದನ್ನು ಲಿವರ್‌ಪೂಲಿನ ಸೂರ್ಯಾಸ್ತ ಅಂತಲೇ ಯೋಚಿಸಿದ್ದರು. ಅಷ್ಟರಲ್ಲಿ ಪೆನ್ನಿ ಲೇನ್ ಬಂತು. ಅವರು ತಮ್ಮ ಊರಿಗೇ ತಿರುಗಿಕೊಂಡರು. ಚಿಕ್ಕಂದಿನಲ್ಲಿ ಥೇಮ್ಸ್ ದಡದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಂಡ ನದಿ ಆ ಹಾಡಿನಲ್ಲಿದೆ. ಕೆಲಸ ಮುಗಿಸಿ ಸಂಜೆ ವಾಟರ್‌ಲೂ ಸ್ಟೇಷನ್ನಿನಿಂದ ರೈಲು ಹಿಡಿಯುವ ನಾನು ಪಾಲ್‌ಗೆ ಋಣಿ.

ಉಣಕಲ್ ಕೆರೆ

ಕಾಕಾ, ಬಸ್ಸಿನ ಹಾಡು ಕೇಳಿದ್ದಿರಿ. ಜಾನ್ 1965ರಲ್ಲಿ ಇನ್ ಮೈ ಲೈಫ್ ಬರೆಯಲು ಕೂತಾಗ ಮೊದಲು ಬರೆದದ್ದು ಒಂದು ಬಸ್ ಪ್ರಯಾಣ. ಮೆನ್‌ಲವ್ ಅವೆನ್ಯೂದ ಮನೆಯಿಂದ ಊರೊಳಗಿನ ತನಕ, ದಾರಿಯಲ್ಲಿ ಕಾಣುವ ಒಂದೊಂದೇ ಜಾಗ, ಸ್ಟೇಜ್ ಲೆಕ್ಕದ ಹಾಗೆ. ಪೆನ್ನಿ ಲೇನ್ ಇತ್ತು, ಟ್ರಾಮ್ ಇಲ್ಲದ ಟ್ರಾಮ್ ಶೆಡ್ ಇತ್ತು. ಓದಿ ನೋಡಿ ಅವನಿಗೇ ಸಪ್ಪೆ ಅನಿಸಿತು. ಹೆಸರುಗಳನ್ನೆಲ್ಲ ತೆಗೆದುಹಾಕಿದ, ಈಗ ನಾವು ಕೇಳುವ ಹಾಡು ಉಳಿಯಿತು. ಕೈಬಿಟ್ಟ ಆ ಹಾಳೆ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದನ್ನು ಓದಿ ನನಗೇನೋ ಸಪ್ಪೆ ಅನಿಸಲಿಲ್ಲ. ನಿಮಗೂ ಅನಿಸಲಿಕ್ಕಿಲ್ಲ.

ಇನ್ನೆರಡು ಹಾಡು ಸೇರಿಸಿಕೊಳ್ಳಿ. ದ ಲೀವಿಂಗ್ ಆಫ್ ಲಿವರ್‌ಪೂಲ್, ಹಾಯಿ ಹಡಗಿನ ಕಾಲದ ನಾವಿಕರ ಹಾಡು. ಲಿವರ್‌ಪೂಲಿನ ದಕ್ಕೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟವನು ಪ್ರೀತಿಸಿದವಳಿಗೆ ಹೇಳಿ ಹೋಗುತ್ತಾನೆ. ಐರಿಶ್ ಬ್ಯಾಂಡ್ ದ ಡಬ್ಲಿನರ್ಸ್ ಹಾಡಿದ್ದು ಕೇಳಿ. ಇದೇ ಬಂದರಿಗೆ 1860ರ ದಶಕದಲ್ಲಿ, ಅಮೆರಿಕದ ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ, ನಮ್ಮ ಧಾರವಾಡ ಸೀಮೆಯ ಹತ್ತಿ ಮುಂಬಯಿಂದ ಹಡಗೇರಿ ಬಂತು. ಪಾಲ್ ತಂದೆ ಜಿಮ್ ದುಡಿದದ್ದೂ ಹತ್ತಿ ವ್ಯಾಪಾರದಲ್ಲೇ. ದಕ್ಕೆಯ ಗೋದಾಮುಗಳ ಮುಂದೆ ನಿಂತಾಗ ಹುಬ್ಬಳ್ಳಿ ಮಾರ್ಕೆಟ್ಟಿನ ಅಂಡಿಗೆಗಳು ನನಗೆ ನೆನಪಾಗುತ್ತವೆ.

ಇನ್ನೊಂದು ಗೋಯಿಂಗ್ ಡೌನ್ ಟು ಲಿವರ್‌ಪೂಲ್. ಕಟ್ಟಿದ್ದು ಕೇಂಬ್ರಿಜಿನ ಕತ್ರೀನಾ ಅಂಡ್ ದ ವೇವ್ಸ್, 1984ರಲ್ಲಿ ಮತ್ತೆ ಹಾಡಿ ಹೆಸರು ಮಾಡಿದ್ದು ಲಾಸ್ ಏಂಜಲೀಸಿನ ಹೆಣ್ಣುಮಕ್ಕಳ ಬ್ಯಾಂಡ್ ದ ಬ್ಯಾಂಗಲ್ಸ್. ಆ ಕಾಲಕ್ಕೆ ಇಲ್ಲಿ ದಕ್ಕೆಯ ಕೆಲಸ ಹೋಗಿ, ಕಾರ್ಖಾನೆ ಮುಚ್ಚಿ, ಮನೆಮನೆಯಲ್ಲೂ ಕೆಲಸವಿಲ್ಲದವರಿದ್ದರು. ಹಾಡಿನಲ್ಲಿ ಕೇಳಿಬರುವ ಯುಬಿ40 ಅಂದರೆ ನಿರುದ್ಯೋಗ ಭತ್ಯೆಯ ಕಾರ್ಡು. ನನ್ನ ಹತ್ತಿರ ಬೆನ್ನುನೋವಿಗೆ ಬರುವ ಹಿರಿಯರು ಆ ದಿನಗಳ ಮಾತು ತೆಗೆದರೆ ಇವತ್ತಿಗೂ ದನಿ ಇಳಿಸುತ್ತಾರೆ. ಇದನ್ನೂ ಕೇಳದೆ ಬರಬ್ಯಾಡ್ರಿ, ಪೆನ್ನಿ ಲೇನ್ ಒಂದೇ ಅಲ್ಲ ಈ ಊರು.

ನೋಡುವ ಜಾಗ: ಊರೊಳಗಿನಿಂದ ಸ್ಮಿತ್‌ಡೌನ್ ರಸ್ತೆಯ 86ನೇ ನಂಬರ್ ಬಸ್ ಹತ್ತಿ. ಮಹಡಿಯಲ್ಲಿ ಮುಂದಿನ ಸೀಟು ಹಿಡೀರಿ. ಪೆನ್ನಿ ಲೇನಿನಲ್ಲಿ ಇಳಿದರೆ ವೃತ್ತ ಎದುರಿಗೇ. ಅಲ್ಲಿಂದ ಸ್ಟ್ರಾಬೆರಿ ಫೀಲ್ಡಿಗೆ ಮುಕ್ಕಾಲು ಗಂಟೆ ನಡಿಗೆ, ಮಳೆ ಇದ್ದರೆ ನಡೀಬ್ಯಾಡ್ರಿ. ಜಾರ್ಜ್ ಹುಟ್ಟಿದ ಮನೆ ವೇವರ್‌ಟ್ರಿಯ ಆರ್ನಾಲ್ಡ್ ಗ್ರೋವಿನ 12ನೇ ನಂಬರು. ಇಕ್ಕಟ್ಟು ಓಣಿ, ಸಾಲುಮನೆ, ಸುತ್ತ ಜನ ವಾಸ ಇದ್ದಾರೆ. ಹೊರಗಿನಿಂದ ನೋಡಿ ಬರೋಣ. ನಾನೇ ಕರೆದುಕೊಂಡು ಹೋಗುತ್ತೇನೆ. ಕಾಕೂನ್ನ, ಮಗಳನ್ನ ಕರ್ಕೊಂಡು ಒಂದು ಭಾನುವಾರ ಮನೆಗೆ ಬರ್ರಿ, ಜ್ವಾಳದ ರೊಟ್ಟಿ ಮಾಡ್ತೀನಿ.

ಹಾಸನ ಡಿಪೋ

ಖಂಡಿತ ಬರ್ತೀವಿ ತಾಯಿ. ನೀವೆಲ್ಲ ಇಷ್ಟು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ.

ಇವತ್ತು ಸ್ವರಮಂಡಲ ಕಿವಿಗೆ ಸಿಕ್ಕಿತು, ಮೈಸೂರಿನವರಿಗೆ ತಿಳಿಸಿ. ಲಾಂಚಿನ ಹಾಡು ಎರಡೂ ಕೇಳಿದೆ. ಎರಡನೆಯದು ಅರ್ಧಕ್ಕೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ.

ಒಂದು ಕೇಳಬೇಕಿತ್ತು. ಡ್ಯೂಟಿಯ ಕೊನೆ ದಿನದ ವಿಷಲ್ ಇನ್ನೂ ನನ್ನ ಹತ್ತಿರ ಇದೆ, ಹಿತ್ತಾಳೆಯದು, ದಾರ ಸಮೇತ. ಆ ಕಂಡಕ್ಟರ್ ಮನೆ ಮುಂದೆ ನಿಂತಾಗ ಅದು ಜೇಬಿನಲ್ಲಿರಲಿ ಅಂತ ಆಸೆ. ಊದಲ್ಲ, ಜನ ವಾಸ ಇದ್ದಾರೆ ಅಂದಿರಲ್ಲ. ಏರ್‌ಪೋರ್ಟಿನಲ್ಲಿ ಅದನ್ನು ಕೈಚೀಲದಲ್ಲಿ ಬಿಡ್ತಾರಾ, ಇಲ್ಲ ಸೂಟ್‌ಕೇಸಿಗೇ ಹಾಕಬೇಕಾ?

ಉಣಕಲ್ ಕೆರೆ

ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಡ್ರಿ ಕಾಕಾ, ಚಿಂತೆ ಇರೂದಿಲ್ಲ. ಮರೀದೆ ತರ್ರಿ.